ಟೇಪಣ್ಣ ಕಿಬಾ-ದಾಚಿಯಲ್ಲಿ ನಿಂತದ್ದು

ಪ್ಯಾಂಟು ಅಂಗಡಿಯಲ್ಲಿ ನೇತಾಡುತ್ತಾ ಜನರಿಗಾಗಿ ಕಾಯುವ ಕಾಲ ಇನ್ನೂ ಬಂದಿರಲಿಲ್ಲ. ಜನರೇ ಪ್ಯಾಂಟಿಗಾಗಿ ಕಾಯಬೇಕಿತ್ತು. ಬಟ್ಟೆ ಕೊಂಡು, ಕಾಗದದಲ್ಲಿ ಸುತ್ತಿಸಿಕೊಂಡು, ಟೇಪಣ್ಣನ ಅಂಗಡಿಯ ಎರಡು ಮೆಟ್ಟಿಲು ಹತ್ತಿ, "ಯಾವಾಗ ಕೊಡ್ತೀಯಪ್ಪಾ?" ಎಂದು ಕೇಳಬೇಕಿತ್ತು. "ಬರೋ ಗುರುವಾರ" ಎಂದು ಅವನು ಹೇಳುತ್ತಿದ್ದ. ಯಾವ ಗುರುವಾರ ಎಂದು ಅವನು ಹೇಳುತ್ತಿರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊಸ ಪ್ಯಾಂಟು ತೊಟ್ಟ ದಿನ ಮಾತ್ರ ಬೀದಿಯವರೆಲ್ಲ ನಿಲ್ಲಿಸಿ, "ಟೇಪಣ್ಣನ ಕೈಯದಾ?" ಎಂದು ಕೇಳುತ್ತಿದ್ದರು. ಆ ಒಂದು ಮಾತಿಗಾಗಿ ಮೂರು ಗುರುವಾರ ಕಾಯಬಹುದಿತ್ತು. ಈಗ ಅಂಥ ಮಾತು ಯಾರೂ ಯಾರನ್ನೂ ಕೇಳುವುದಿಲ್ಲ.

ಅವನ ನಿಜವಾದ ಹೆಸರು ಅವನ ಅಕ್ಕನಿಗೆ ಮಾತ್ರ ನೆನಪಿತ್ತು, ಅವಳೂ ಅದನ್ನು ಬೈಯುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಕುತ್ತಿಗೆಯಲ್ಲಿ ಹಗಲಿಡೀ ಅಳತೆ ಟೇಪು ಜೋತುಬಿದ್ದಿರುತ್ತಿದ್ದುದರಿಂದ ಬೀದಿಗೆಲ್ಲ ಅವನು ಟೇಪಣ್ಣ. ವಯಸ್ಸು ಮೂವತ್ತೇಳು. ಹದಿನೈದಕ್ಕೇ ಮಿಷನ್ನಿನ ಮುಂದೆ ಕೂತವನು ಎದ್ದು ಮದುವೆಯಾಗುವುದನ್ನು ಮರೆತಿದ್ದ. ಅಕ್ಕ ಎರಡು ಕಡೆ ಸಂಬಂಧ ಕುದುರಿಸಿ ಕರೆದುಕೊಂಡು ಹೋಗಿದ್ದಳು. ಒಂದು ಕಡೆ ಹುಡುಗಿಯ ತಂದೆಯ ಕೋಟಿನ ತೋಳು ಒಂದು ಅಂಗುಲ ಉದ್ದ ಎಂದು ಹೇಳಿ ಬಂದ. ಇನ್ನೊಂದು ಕಡೆ ಕಿಟಕಿಯ ಪರದೆ ಓರೆಯಾಗಿದೆ ಎಂದ. "ಹುಡುಗಿ ಹೇಗಿದ್ದಳೋ?" ಎಂದು ಅಕ್ಕ ದಾರಿಯಲ್ಲಿ ಕೇಳಿದರೆ, "ಹುಡುಗಿ ಎಲ್ಲಿದ್ದಳು?" ಎಂದು ಅವನೇ ಕೇಳಿದ. ಆಮೇಲೆ ಅಕ್ಕ ಆ ಪ್ರಯತ್ನ ಕೈಬಿಟ್ಟಳು.

ಇಂಥ ಅಂಗಡಿಗೆ ಒಂದು ಮಧ್ಯಾಹ್ನ ಕರಾಟೆ ಟೀಚರ್ ಬಂದರು. ಮೂವತ್ತು ದಾಟಿದ ಸಣ್ಣ ಆಳು, ಮಾತು ಅದಕ್ಕಿಂತ ಸಣ್ಣದು. ಬೇರೆ ಊರಿನಿಂದ ಬಂದು ಪುರಸಭೆಯ ಹಾಲಿನಲ್ಲಿ ಸಂಜೆ ತರಗತಿ ಶುರು ಮಾಡಿದ್ದರು. ಇಪ್ಪತ್ತು ಜನ ಸೇರಿದ್ದರು, ಇಪ್ಪತ್ತು ಜೊತೆ ಬಿಳಿ ಬಟ್ಟೆ ಬೇಕಿತ್ತು. ಟೇಪಣ್ಣ ಇಪ್ಪತ್ತು ಜನರನ್ನೂ ಸಾಲಾಗಿ ನಿಲ್ಲಿಸಿ, "ನೆಟ್ಟಗೆ ನಿಂತ್ಕೊಳ್ಳಿ, ಅಲ್ಲಾಡಬೇಡಿ" ಎಂದು ಅಳತೆ ತೆಗೆದ. ಬಟ್ಟೆ ಮೈಮೇಲೆ ಕೂರಬೇಕೇ ಹೊರತು ಮೈ ಬಟ್ಟೆಯೊಳಗೆ ಓಡಾಡಬಾರದು ಎಂಬುದು ಅವನ ಸಿದ್ಧಾಂತ. ಪ್ಯಾಂಟುಗಳು ಹಾಗೇ ಬಂದವು, ಅಂಟಿಸಿದ ಹಾಗೆ.

ಹೊಸ ಬಟ್ಟೆ ತೊಟ್ಟ ಮೊದಲ ಸಂಜೆ ಟೀಚರ್ ಹಾಲಿನ ನಡುವೆ ನಿಂತು, "ಕಿಬಾ-ದಾಚಿ!" ಎಂದು ಕೂಗಿದರು. ಎಲ್ಲರೂ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕುದುರೆಯ ಮೇಲೆ ಕೂತವರ ಹಾಗೆ ಕೆಳಗಿಳಿದರು. ಇಪ್ಪತ್ತು ಪ್ಯಾಂಟುಗಳಲ್ಲಿ ಹದಿನೆಂಟು ಒಟ್ಟಿಗೇ ಬಾಯಿ ಬಿಟ್ಟವು. ಉಳಿದಿಬ್ಬರು ಆ ದಿನ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಹದಿನೆಂಟು ಪ್ಯಾಂಟಿನ ಗಂಟು ಟೇಪಣ್ಣನ ಮೇಜಿನ ಮೇಲೆ ಬಂದು ಕೂತಿತು.

"ಇವನ್ನ ಹೊಲಿದೋರು ನೀವೇ ತಾನೇ?" ಎಂದರು ಟೀಚರ್.

"ಹೌದು ಟೀಚರ್. ಫಿಟಿಂಗ್ ಹೇಗಿದೆ?"

"ಹರಿಯೋವರೆಗೂ ಚೆನ್ನಾಗಿತ್ತು."

ಟೇಪಣ್ಣ ಗಂಟು ಬಿಚ್ಚಿದ. ಹದಿನೆಂಟೂ ಒಂದೇ ಜಾಗದಲ್ಲಿ, ಎರಡು ಕಾಲು ಸೇರುವಲ್ಲಿ ಹರಿದಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಅವನ ಹೊಲಿಗೆ ಹೀಗೆ ಮಾನ ಕಳೆದುಕೊಂಡದ್ದು ಅದೇ ಮೊದಲು.

"ನೀವು ನೆಟ್ಟಗೆ ನಿಂತೋರಿಗೆ ಹೊಲಿದಿದ್ದೀರಿ," ಎಂದರು ಟೀಚರ್. "ನಾವು ಹಾಗೆ ನಿಲ್ಲಲ್ಲ."

"ಮನುಷ್ಯ ಇನ್ನು ಹೇಗೆ ನಿಲ್ತಾನೆ ಟೀಚರ್?"

ಸೊಕ್ಕಿನಿಂದ ಕೇಳಿದ್ದಲ್ಲ. ಅವನ ಮುಂದೆ ನಿಂತವರೆಲ್ಲ ಇಷ್ಟು ವರ್ಷ ಒಂದೇ ರೀತಿ ನಿಂತಿದ್ದರು. ಟೀಚರಿಗೆ ನಗು ಬಂತೋ ಏನೋ, ಬಾಗಿಲ ಕಡೆ ತಿರುಗಿ ಹೇಳಿದರು, "ಸಂಜೆ ಹಾಲಿಗೆ ಬನ್ನಿ. ತೋರಿಸ್ತೀನಿ."

ಟೇಪಣ್ಣ ಅಳತೆ ಪುಸ್ತಕ ಹಿಡಿದುಕೊಂಡು ಹೋದ. ಗೋಡೆಗೆ ಒರಗಿಸಿದ್ದ ಬೆಂಚಿನ ತುದಿಯಲ್ಲಿ ಕೂತ. ಟೀಚರ್ ಒಂದೊಂದೇ ಹೆಸರು ಕೂಗುತ್ತಾ ಸಾಲುಗಳ ನಡುವೆ ನಡೆಯುತ್ತಿದ್ದರು, ಸೊಟ್ಟಗಿದ್ದ ಮಂಡಿಯನ್ನು ಕಾಲಬೆರಳಿನಿಂದ ಮೆಲ್ಲಗೆ ತಟ್ಟಿ ಸರಿಮಾಡುತ್ತಿದ್ದರು. ದಾಚಿ ಎಂದರೆ ಜಪಾನಿನವರ ಮಾತಿನಲ್ಲಿ ನಿಲ್ಲುವ ಭಂಗಿ ಎಂದು ಅವನಿಗಾಗಿ ಒಮ್ಮೆ ಬಿಡಿಸಿ ಹೇಳಿದರು. ಅವನು ಬರೆದುಕೊಂಡ. ಮುಸುಬಿ-ದಾಚಿ: ಹಿಮ್ಮಡಿ ಸೇರಿಸಿ, ಬೆರಳು ಹೊರಗೆ. ಅಪಾಯವಿಲ್ಲ. ಝೆನ್‌ಕುತ್ಸು-ದಾಚಿ: ಒಂದು ಕಾಲು ಮುಂದೆ, ಅದರ ಮಂಡಿ ಬಗ್ಗಿದೆ, ಹಿಂದಿನ ಕಾಲು ನೆಟ್ಟಗೆ. ತೊಡೆಯಲ್ಲಿ ಎರಡು ಅಂಗುಲ ಸಡಿಲ ಬಿಡಬೇಕು. ಕೋಕುತ್ಸು-ದಾಚಿ: ಭಾರ ಹಿಂದಿನ ಕಾಲಿಗೆ, ಯಾರೋ ಬೈಯುತ್ತಿರುವಾಗ ನಿಂತ ಹಾಗೆ. ನೆಕೊ-ಆಶಿ-ದಾಚಿ: ಬೆಕ್ಕಿನ ಹೆಜ್ಜೆ, ಮುಂದಿನ ಪಾದ ಬೆರಳ ಮೇಲೆ ಮಾತ್ರ. ಆ ಕಾಲಿಗೆ ಹಾಕಿದ ಬಟ್ಟೆ ದಂಡ. ಕಿಬಾ-ದಾಚಿ: ಕುದುರೆ ಇಲ್ಲದೆ ಕುದುರೆ ಸವಾರಿ. ಹರಿದದ್ದು ಇಲ್ಲೇ.

ಒಂದು ಸಂಜೆಯ ಕೆಲಸ. ಟೇಪಣ್ಣ ಎಂಟು ಸಂಜೆ ಹೋದ. ಎರಡು ಕಾಲು ಸೇರುವಲ್ಲಿ ಒಂದು ಚೌಕದ ತುಂಡು ಕೊಟ್ಟು ಎಲ್ಲವನ್ನೂ ಹೊಸದಾಗಿ ಹೊಲಿದ. ಒಂಬತ್ತನೆಯ ಸಂಜೆ ಇಪ್ಪತ್ತು ಜನರೂ ಕಿಬಾ-ದಾಚಿಯಲ್ಲಿ ಇಳಿದರು, ಒಂದು ಎಳೆಯೂ ಜಗ್ಗಲಿಲ್ಲ. ಟೀಚರ್ ಅವನ ಕಡೆ ತಿರುಗಿ, "ಈಗ ಸರಿಯಾಯ್ತು" ಎಂದರು. ಟೇಪಣ್ಣ ಅವರ ಅಂಗಿಯ ತೋಳಿನ ಅಂಚು ನೋಡುತ್ತಾ ತಲೆಯಾಡಿಸಿದ. ಮನೆಗೆ ಬಂದು ಅಕ್ಕನ ಹತ್ತಿರ ಅದೇ ಮಾತನ್ನು ಮೂರು ಸಲ ಹೇಳಿದ. "ಏನು ಸರಿಯಾಯ್ತೋ?" ಎಂದು ಅಕ್ಕ ಕೇಳಿದಳು. "ಎಲ್ಲಾ" ಎಂದ.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಹೊಸ ವಿದ್ಯೆ ಕಲಿತವನ ಕೈ ಸುಮ್ಮನಿರುವುದುಂಟೇ? ಟೇಪಣ್ಣ ಬೀದಿ ನೋಡತೊಡಗಿದ. ಎದುರಿನ ಔಷಧಿ ಅಂಗಡಿ ಮಾವ ಮೇಲಿನ ಹಲಗೆಯ ಸೀಸೆಗೆ ಕೈ ಚಾಚಿದಾಗ ಅದು ಅಪ್ಪಟ ನೆಕೊ-ಆಶಿ-ದಾಚಿ. ಬಸ್ಸಿನ ಬಾಗಿಲಲ್ಲಿ ನೇತಾಡುವವರದು ಅರ್ಧ ಝೆನ್‌ಕುತ್ಸು. ಸಂಪಿನ ಬಾಯಿಗೆ ಬಗ್ಗಿದ ಅಕ್ಕನದು ಕಿಬಾ. ಇಡೀ ಬೀದಿಯೇ ಹೀಗೆ ನಾನಾ ಭಂಗಿಯಲ್ಲಿ ಬದುಕುತ್ತಿರುವಾಗ ತಾನು ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದದ್ದು ಎಂಥಾ ಅನ್ಯಾಯ ಎಂದು ಅವನಿಗೆ ಹೊಳೆಯಿತು.

ಮೊದಲು ಸಿಕ್ಕಿದವರು ಬ್ಯಾಂಕ್ ಮ್ಯಾನೇಜರು. ಗಂಭೀರ ವ್ಯಕ್ತಿ, ಗಂಭೀರವಾದ ಹೊಟ್ಟೆ.

"ಸಾರ್, ಕೆಳಗಿನ ಡ್ರಾಯರಿಂದ ಫೈಲು ಹೇಗೆ ತೆಗೀತೀರಿ?"

"ಬಗ್ಗಿ ತೆಗೀತೀನಿ. ಯಾಕಪ್ಪಾ?"

"ಅದೇ ಝೆನ್‌ಕುತ್ಸು-ದಾಚಿ. ಸ್ವಲ್ಪ ಎಡಗಾಲು ಮುಂದಿಡಿ ಸಾರ್. ಮಂಡಿ ಬಗ್ಗಿಸಿ. ಹಿಂದಿನ ಕಾಲು ನೆಟ್ಟಗೆ. ಹಾಂ, ಹಾಗೇ ಇರಿ. ಸುಣ್ಣದ ಬಳಪ ಎಲ್ಲಿ ಹೋಯ್ತು?"

ಬಳಪ ಅವನ ಕಿವಿಯ ಮೇಲಿತ್ತು. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು, ಅವನು ಯಾವಾಗಲೂ ಬೇರೆ ಕಡೆ ಹುಡುಕುತ್ತಿದ್ದ. ಮೇಜಿನ ಕೆಳಗೆ, ಡಬ್ಬದೊಳಗೆ, ಇಸ್ತ್ರಿಪೆಟ್ಟಿಗೆಯ ಹಿಂದೆ ಹುಡುಕುವಷ್ಟರಲ್ಲಿ ಏಳೆಂಟು ನಿಮಿಷ ಕಳೆಯಿತು. ಮ್ಯಾನೇಜರು ಅಲ್ಲಾಡಲಿಲ್ಲ. ದರ್ಜಿ ನಿಲ್ಲು ಎಂದರೆ ನಿಲ್ಲುವ ಮರ್ಯಾದೆ ಆಗಿನವರಿಗಿತ್ತು. ಬೆವರು ಇಳಿಯಿತು, ತೊಡೆ ನಡುಗಿತು. ಮನೆಗೆ ಹೋದವರು ಆ ರಾತ್ರಿ ಮಗುವಿನ ಹಾಗೆ ನಿದ್ದೆ ಮಾಡಿದರು. ಬೆಳಿಗ್ಗೆ ಹೆಂಡತಿಗೆ ಹೇಳಿದರು, "ಆ ಟೇಪಣ್ಣ ಸಾಮಾನ್ಯದವನಲ್ಲ ಕಣೇ. ಬಟ್ಟೆ ಅಳತೆ ಅನ್ನೋದು ಒಂದು ನೆಪ ಅಷ್ಟೇ."

ಇದನ್ನೆಲ್ಲ ಎದುರಿನಿಂದ ನೋಡಿದ್ದ ಔಷಧಿ ಅಂಗಡಿ ಮಾವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗುಳಿಗೆಯ ಜೊತೆ ಒಂದೊಂದು ಪೊಟ್ಟಣ ಸುದ್ದಿಯನ್ನೂ ಕಟ್ಟಿ ಕೊಟ್ಟರು. "ಒಳಗೊಳಗೇ ಕರಾಟೆ ಕಲಿಸ್ತಿದ್ದಾನೆ. ಮ್ಯಾನೇಜರನ್ನ ಹತ್ತು ನಿಮಿಷ ನಿಲ್ಲಿಸಿದ. ಜಪಾನಿ ಮಾತು ನೀರು ಕುಡಿದ ಹಾಗೆ ಆಡ್ತಾನೆ. ಇಪ್ಪತ್ತು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದ ಅಂದ್ರೆ ನೋಡಿ!"

ಒಂದೇ ವಾರದಲ್ಲಿ ಟೇಪಣ್ಣನ ಅಂಗಡಿಯ ಮುಂದೆ ಸಾಲು ನಿಂತಿತು. ಬಟ್ಟೆ ತಂದರು, ಬಟ್ಟೆಯ ಜೊತೆ ಮಕ್ಕಳನ್ನೂ ತಂದರು. "ನಮ್ಮ ಹುಡುಗೀಗೆ ಸ್ವಲ್ಪ ಜಾಸ್ತಿ ಹೊತ್ತು ಅಳತೆ ತಗೊಳ್ಳಿ, ತುಂಬಾ ಅಂಜುಬುರುಕಿ" ಎಂದು ಒಬ್ಬ ತಾಯಿ ಹೇಳಿದಳು. ಟೇಪಣ್ಣನಿಗೆ ಅರ್ಥವಾಗಲಿಲ್ಲ, ಆದರೆ ಗಿರಾಕಿ ಹೇಳಿದ ಮೇಲೆ ಆಯಿತು ಎಂದು ಆ ಹುಡುಗಿಯನ್ನು ಒಂದು ಕಿಬಾ, ಎರಡು ನೆಕೊ-ಆಶಿ ಜಾಸ್ತಿ ನಿಲ್ಲಿಸಿದ. ಇನ್ನೊಬ್ಬರು ಒಂದೇ ಪ್ಯಾಂಟಿಗೆ ನಾಲ್ಕು ಸಲ ಅಳತೆ ಕೊಡಲು ಬಂದರು. ಕೆಲಸ ಬೆಟ್ಟದಷ್ಟಾಯಿತು. ತನ್ನ ಹೊಸ ಕತ್ತರಿ ಪದ್ಧತಿಗೆ ಜನ ಮನಸೋತಿದ್ದಾರೆ ಎಂದು ಟೇಪಣ್ಣ ಹಿರಿಹಿರಿ ಹಿಗ್ಗಿದ. ಈ ಸುದ್ದಿ ಟೀಚರ್ ಕಿವಿಗೂ ಬೀಳಲಿ ಎಂದು ಆಸೆಪಟ್ಟ.

ಸುದ್ದಿ ಬಿದ್ದಿತ್ತು. ಬೇರೆ ರೀತಿಯಲ್ಲಿ.

ಅದು ಅವನಿಗೆ ತಿಳಿದದ್ದು ಪುರಸಭೆಯ ಇನ್ಸ್‌ಪೆಕ್ಟರು ಬಂದ ದಿನ. ಅವರು ಕಂಕುಳಲ್ಲಿ ಕಡತ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು.

"ಇಲ್ಲಿ ಏನು ನಡೀತಿದೆ ಅಂತ ನೋಡೋಕೆ ಬಂದೆ."

"ನೋಡೋದೇನು ಸಾರ್, ಬನ್ನಿ. ಕಡತ ಕೆಳಗಿಡಿ. ನೀವು ದಿನವಿಡೀ ಬೈಸಿಕೊಳ್ಳೋ ಕೆಲಸದಲ್ಲಿರೋರು, ನಿಮಗೆ ಕೋಕುತ್ಸು-ದಾಚಿಯೇ ಸರಿ. ಹಿಂದಿನ ಕಾಲಿಗೆ ಭಾರ ಹಾಕಿ."

ಇನ್ಸ್‌ಪೆಕ್ಟರು ಹಾಕಿದರು. ಯಾಕೆ ಹಾಕಿದರು ಎಂದು ಅವರಿಗೇ ತಿಳಿಯಲಿಲ್ಲ. ಟೇಪಣ್ಣ ಬಳಪ ಹುಡುಕತೊಡಗಿದ. ಐದನೆಯ ನಿಮಿಷಕ್ಕೆ ಅವರು ಹಲ್ಲು ಕಚ್ಚಿಕೊಂಡು ಮಾತು ತೆಗೆದರು.

"ಗುರುಗಳೇ, ಸುಮ್ಮನೆ ಕಾಣಿಸದ ಹಾಗೆ ಯಾಕೆ ಕಲಿಸ್ತೀರಿ? ಒಂದು ಅರ್ಜಿ ಹಾಕಿ. ಪುರಸಭೆ ಹಾಲ್ ಖಾಲಿಯಾಗುತ್ತೆ."

"ಯಾವ ಹಾಲ್ ಸಾರ್?"

"ಆ ಟೀಚರ್‌ದು. ಕಡಿಮೆ ಅಂದ್ರೂ ಹದಿನೈದು ಜನ ಇರ್ಬೇಕು ಅಂತ ನಿಯಮ. ಈಗ ಒಂಬತ್ತೇ ಜನ. ತಿಂಗಳ ಕೊನೆಗೆ ಹಾಲ್ ಬಿಡ್ತಾರೆ, ಊರೂ ಬಿಡ್ತಾರಂತೆ. ಮಿಕ್ಕೋರೆಲ್ಲ ನಿಮ್ಮ ಹತ್ರಾನೇ ಬಂದಿದ್ದಾರಲ್ಲ! ಇಲ್ಲಿ ಓಡ್ಬೇಕಾಗಿಲ್ಲ, ಒದೀಬೇಕಾಗಿಲ್ಲ, ಮೇಲೆ ಒಂದು ಪ್ಯಾಂಟು ಬೇರೆ ಸಿಗುತ್ತೆ. ಯಾರು ತಾನೇ ಅಲ್ಲಿಗೆ ಹೋಗ್ತಾರೆ?"

ಟೇಪಣ್ಣ ಮೇಜಿನ ಕೆಳಗೆ ಬಗ್ಗಿದ್ದವನು ಅಲ್ಲೇ ಕೂತುಬಿಟ್ಟ. ಯಾರಿಗೆ ಕೇಳಿಸಲಿ ಎಂದು ಇಷ್ಟು ದಿನ ಮಿಷನ್ ತುಳಿದನೋ ಅವರ ಬುಡಕ್ಕೇ ಕೊಡಲಿ ಹಾಕಿದ್ದ. ಇನ್ಸ್‌ಪೆಕ್ಟರು ಕೋಕುತ್ಸು-ದಾಚಿಯಲ್ಲಿ ಇನ್ನೂ ಮೂರು ನಿಮಿಷ ನಿಂತಿದ್ದು, ಗುರುಗಳಿಂದ ಅಪ್ಪಣೆ ಬಾರದಿದ್ದಾಗ ತಾವೇ ಕೈಮುಗಿದು ಕುಂಟುತ್ತಾ ಇಳಿದು ಹೋದರು.

ಅಂದಿನಿಂದ ಟೇಪಣ್ಣ ಸತ್ಯ ಹೇಳತೊಡಗಿದ. ಸತ್ಯ ಹೇಳುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ.

"ನನಗೆ ಕರಾಟೆ ಬರಲ್ಲ ಸಾರ್," ಎಂದ ಬ್ಯಾಂಕ್ ಮ್ಯಾನೇಜರಿಗೆ.

"ತುಂಬಿದ ಕೊಡ ತುಳುಕಲ್ಲ," ಎಂದರು ಮ್ಯಾನೇಜರು, ಕಣ್ಣು ಒದ್ದೆ ಮಾಡಿಕೊಂಡು.

"ನಾನು ಬರೀ ದರ್ಜಿ ಮಾವ. ಅಳತೆಗೋಸ್ಕರ ನಾಲ್ಕು ಹೆಸರು ಬರ್ಕೊಂಡೆ, ಅಷ್ಟೇ."

"ಆಯ್ತಪ್ಪಾ, ಹಾಗೇ ಅನ್ನೋಣ," ಎಂದು ಔಷಧಿ ಅಂಗಡಿ ಮಾವ ಕಣ್ಣು ಮಿಟುಕಿಸಿದರು.

ಕೊನೆಗೆ ಒಂದು ಹಲಗೆಗೆ ಸುಣ್ಣ ಬಳಿದು, 'ಇಲ್ಲಿ ಕರಾಟೆ ಕಲಿಸುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದ. ಅಲ್ಲಿಯವರೆಗೆ ವಿಷಯ ಗೊತ್ತಿಲ್ಲದಿದ್ದ ಪಕ್ಕದ ಬೀದಿಯವರಿಗೂ ಅದರಿಂದ ಗೊತ್ತಾಯಿತು. ಸಾಲು ಮೂಲೆ ದಾಟಿತು.

"ಕಲಿಸದೇ ಇರೋನು ಬೋರ್ಡ್ ಯಾಕೆ ಹಾಕ್ತಾನೋ?" ಎಂದು ಅಕ್ಕ ತಲೆ ಚಚ್ಚಿಕೊಂಡಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಯ್ತು. ಔಷಧಿ ಅಂಗಡಿಯಲ್ಲಿ ಇಲ್ಲಿ ಕರಾಟೆ ಕಲಿಸಲ್ಲ ಅಂತ ಬರೆದಿದ್ದಾರಾ? ಬ್ಯಾಂಕಲ್ಲಿ ಬರೆದಿದ್ದಾರಾ?"

"ಮತ್ತೇನು ಮಾಡ್ಲಿ ಅಕ್ಕಾ?"

"ಯಾರ ಗಂಟು ಹೋಯ್ತೋ ಅವರ ಹತ್ರ ಹೋಗಿ ಹೇಳು. ಬೀದೀಗೆ ಹೇಳಿದ್ರೆ ಏನು ಬಂತು?" ಎಂದ ಅಕ್ಕ, ಬಾಚಣಿಗೆ ಅವನ ಕೈಗಿಟ್ಟು, "ತಲೆ ಬಾಚ್ಕೊಂಡು ಹೋಗು" ಎಂದಳು.

ಟೀಚರ್ ಹಾಲಿನಲ್ಲಿ ಒಬ್ಬರೇ ಇದ್ದರು. ನೆಲದ ಚಾಪೆಗಳನ್ನು ಸುತ್ತಿ ಒಂದು ಮೂಲೆಗೆ ಒಟ್ಟುತ್ತಿದ್ದರು. ಟೇಪಣ್ಣ ಬಾಗಿಲಲ್ಲೇ ನಿಂತು, ಸುತ್ತಿದ ಚಾಪೆಗಳಿಗೆ ಎಲ್ಲವನ್ನೂ ಹೇಳಿದ. ಫೈಲು, ಮ್ಯಾನೇಜರು, ಬಳಪ, ಬೋರ್ಡು, ಒಂದನ್ನೂ ಬಿಡಲಿಲ್ಲ. ಟೀಚರ್ ಕೆಲಸ ನಿಲ್ಲಿಸಿ ಕೇಳಿದರು.

"ಅಂದ್ರೆ ನೀವು ಕಲಿಸ್ತಾನೇ ಇಲ್ಲ?"

"ಇಲ್ಲ ಟೀಚರ್. ಬಳಪ ಹುಡುಕ್ತಿದ್ದೆ."

ಟೀಚರ್ ಸುತ್ತಿದ ಚಾಪೆಯ ಮೇಲೆ ಕೂತು ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದು ಟೇಪಣ್ಣ ಒಂದು ಹೆಜ್ಜೆ ಒಳಗೆ ಬಂದ. ಆಮೇಲೆ ಗೊತ್ತಾಯಿತು, ಅದು ನಗು.

"ಎಲ್ಲರ ಎದುರಿಗೆ ನನಗೆ ಒಂದು ಏಟು ಹಾಕಿಬಿಡಿ ಟೀಚರ್," ಎಂದ ಟೇಪಣ್ಣ. "ನಾನು ಬಿದ್ದುಹೋಗ್ತೀನಿ. ಆಗ ನಂಬ್ತಾರೆ."

"ಏನೂ ಗೊತ್ತಿಲ್ಲದೋರ ಮೇಲೆ ಕೈ ಎತ್ತೋ ಹಾಗಿಲ್ಲ. ಅದು ಮೊದಲನೇ ಪಾಠ." ಚಾಪೆಯಿಂದ ಎದ್ದು ನಿಂತರು. "ಕೈ ಎತ್ತೋದು ಬೇಡ. ಮೈದಾನದಲ್ಲಿ ಇಬ್ಬರೂ ಎದುರುಬದುರು ಕಿಬಾ-ದಾಚಿಯಲ್ಲಿ ನಿಲ್ಲೋಣ. ಯಾರು ಮೊದಲು ಬೀಳ್ತಾರೋ ಅವರು ಸೋತ ಹಾಗೆ. ಅಭ್ಯಾಸ ಇಲ್ಲದೋರು ಕಿಬಾದಲ್ಲಿ ಎರಡು ನಿಮಿಷದ ಮೇಲೆ ನಿಲ್ಲೋಕಾಗಲ್ಲ."

"ಎರಡು ನಿಮಿಷಕ್ಕೆ ಬೀಳ್ತೀನಿ ಟೀಚರ್. ಮಾತು ಕೊಡ್ತೀನಿ."

ಭಾನುವಾರ ಸಂಜೆ ಐದಕ್ಕೆ ಹಾಲಿನ ಹಿಂದಿನ ಮೈದಾನದಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಆಗಿನ ಕಾಲದಲ್ಲಿ ಭಾನುವಾರ ಸಂಜೆಗೆ ಬೇರೆ ಏನಿರುತ್ತಿತ್ತು? ಯಾರ ಮನೆಯಲ್ಲಾದರೂ ಒಂದು ಹೊಸ ಕುರ್ಚಿ ಬಂದರೂ ನೋಡಲು ಹೋಗುತ್ತಿದ್ದರು. ಬ್ಯಾಂಕ್ ಮ್ಯಾನೇಜರು ಮಡಿಚುವ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಹಾಕಿಕೊಂಡರು. ಔಷಧಿ ಅಂಗಡಿ ಮಾವ ನೋವಿನ ಮುಲಾಮಿನ ಡಬ್ಬಗಳನ್ನು ಜೇಬಿನಲ್ಲಿ ತುಂಬಿಕೊಂಡು ಬಂದಿದ್ದರು. ಗಡಿಯಾರ ಹಿಡಿದು ನಡುವೆ ನಿಂತವರು ಇನ್ಸ್‌ಪೆಕ್ಟರು. ಅಕ್ಕ ಸೆರಗು ಬಿಗಿದು ಒಂದು ಕಲ್ಲಿನ ಮೇಲೆ ಕೂತಿದ್ದಳು.

"ನೋಟ ಅಲ್ಲಿ ಇಲ್ಲಿ ಹೋಗಬಾರದು," ಎಂದರು ಟೀಚರ್, ನಾಲ್ಕು ಹೆಜ್ಜೆ ಎದುರಿಗೆ ನಿಂತು. "ನೇರ ಎದುರಿಗೆ ನೋಡ್ಬೇಕು. ನಿಯಮ. ಕಿಬಾ-ದಾಚಿ!"

ಇಬ್ಬರೂ ಕುದುರೆಯಿಲ್ಲದ ಕುದುರೆ ಏರಿದರು.

ಒಂದು ನಿಮಿಷವಾಯಿತು. ಎರಡಾಯಿತು. ಟೇಪಣ್ಣ ಬೀಳಲು ಸಿದ್ಧನಾದ. ಆದರೆ ಒಂದು ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಪ್ಪತ್ತೆರಡು ವರ್ಷ, ದಿನಕ್ಕೆ ಹತ್ತು ಗಂಟೆ ಮಿಷನ್ ತುಳಿದ ಕಾಲುಗಳು ಅವು. ಎರಡು ನಿಮಿಷ ಅವಕ್ಕೆ ಒಂದು ತೋಳಿನ ಹೊಲಿಗೆಯಷ್ಟೂ ಅಲ್ಲ.

ಬೇಕೆಂದೇ ಬೀಳಬಹುದಿತ್ತು, ಅದೇ ಮಾತಾಗಿತ್ತು. ಆದರೆ ಅಷ್ಟರಲ್ಲಿ ನಿಯಮದ ಪ್ರಕಾರ ನೇರ ಎದುರಿಗೆ ನೋಡಿಬಿಟ್ಟಿದ್ದ. ಈ ಇಷ್ಟು ತಿಂಗಳಲ್ಲಿ ಟೀಚರ್‌ದು ಅವನು ನೋಡಿದ್ದು ತೋಳಿನ ಅಂಚು, ಕಾಲರಿನ ಮಡಿಕೆ, ಎರಡನೆಯ ಗುಂಡಿ. ಮುಖ ಇದೇ ಮೊದಲು. ಎಡಗಡೆಯ ಹುಬ್ಬಿನಲ್ಲಿ ಒಂದು ಸಣ್ಣ ಹಳೆಯ ಗಾಯದ ಗೆರೆ. ಹಣೆಗೆ ಇಳಿದ ನಾಲ್ಕು ಕೂದಲು. ಬಿಸಿಲಿಗೆ ಕಿರಿದಾದ ಕಣ್ಣು. ಊರೆಲ್ಲ ನೆರೆದಿರುವಾಗ, ಯಾರೂ ತಪ್ಪು ಎನ್ನದ ಹಾಗೆ, ನಿಯಮವೇ ನೋಡು ಎನ್ನುತ್ತಿರುವಾಗ, ಯಾವ ಮೂರ್ಖ ಬೀಳುತ್ತಾನೆ? ಟೇಪಣ್ಣ ಬೀಳಲಿಲ್ಲ.

"ಎಂಟು ನಿಮಿಷ!" ಎಂದು ಇನ್ಸ್‌ಪೆಕ್ಟರು ಕೂಗಿದರು.

"ನೋಡ್ರೀ, ರೆಪ್ಪೆ ಕೂಡ ಅಲ್ಲಾಡ್ತಿಲ್ಲ," ಎಂದರು ಔಷಧಿ ಅಂಗಡಿ ಮಾವ. "ಇದಕ್ಕೇ ಧ್ಯಾನ ಅನ್ನೋದು."

"ನಾನು ಮೊದಲೇ ಹೇಳಿರಲಿಲ್ವಾ?" ಎಂದರು ಮ್ಯಾನೇಜರು.

ಹದಿನಾಲ್ಕನೆಯ ನಿಮಿಷದಲ್ಲಿ ಟೀಚರ್ ತುಟಿ ಅಲ್ಲಾಡಿಸದೆ ಹೇಳಿದರು, "ಬೀಳ್ತೀನಿ ಅಂದಿದ್ರಲ್ಲ?"

"ಬೀಳ್ತೀನಿ ಟೀಚರ್. ಇನ್ನೊಂದು ಸ್ವಲ್ಪ ಹೊತ್ತು."

"ಯಾಕೆ?"

ಟೇಪಣ್ಣನಿಗೆ ಸುಳ್ಳು ಹೊಳೆಯಲಿಲ್ಲ. "ಇಲ್ಲಿಂದ ತುಂಬಾ ಚೆನ್ನಾಗಿ ಕಾಣ್ತೀರಿ."

ಹತ್ತು ವರ್ಷ ಕಲ್ಲಿನಂತೆ ನಿಂತಿದ್ದ ಟೀಚರ್ ಅವರ ಬಲಮಂಡಿ ಒಮ್ಮೆ ನಡುಗಿತು.

"ಟೀಚರ್ ಮಂಡಿ ನಡುಗ್ತಿದೆ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. "ಸೋತ್ರು, ಟೀಚರ್ ಸೋತ್ರು!"

ಆ ಕೂಗು ಕಿವಿಗೆ ಬಿದ್ದದ್ದೇ ಟೇಪಣ್ಣನ ಅಮಲು ಇಳಿಯಿತು. ಇವರು ಈಗ ಬಿದ್ದರೆ ಇರುವ ಒಂಬತ್ತು ಜನರೂ ಹೋದರು, ಹಾಲ್ ಹೋಯಿತು, ಚಾಪೆ ಸುತ್ತಿಕೊಂಡು ಇವರೂ ಹೋದರು. ಅದೂ ತನ್ನ ಬಾಯಿಂದ. ಬೀಳಬೇಕು, ಈಗಲೇ ಬೀಳಬೇಕು. ಮಂಡಿಗೆ ಹೇಳಿದ, ಮಂಡಿ ಕೇಳಲಿಲ್ಲ. ಸೊಂಟಕ್ಕೆ ಹೇಳಿದ, ಅದು ಎಲ್ಲಿದೆ ಎಂದೇ ತಿಳಿಯಲಿಲ್ಲ. ತುಳಿಯುತ್ತಲೇ ಇರುವುದನ್ನು ಕಲಿತ ಕಾಲುಗಳಿಗೆ ಅಲ್ಲಾಡದೆ ನಿಂತದ್ದು ಹೊಸದು. ಕುರ್ಚಿಯ ಕಾಲಿನ ಹಾಗೆ ಬಿಗಿದುಕೊಂಡುಬಿಟ್ಟಿದ್ದವು.

"ಟೀಚರ್, ಕಾಲು ನನ್ನ ಮಾತು ಕೇಳ್ತಿಲ್ಲ."

"ತಮಾಷೆ ಬೇಡ."

"ದೇವರಾಣೆ. ಬೀಳೋಣ ಅಂದ್ರೂ ಆಗ್ತಿಲ್ಲ. ಏನಾದ್ರೂ ಮಾಡಿ!"

ಅವನ ಕಣ್ಣಲ್ಲಿ ನೀರು ತುಂಬಿದ್ದನ್ನು ಟೀಚರ್ ನೋಡಿದರು. ನಿಧಾನವಾಗಿ ಬಲಗಾಲು ಮುಂದಕ್ಕೆ ಸರಿಸಿದರು, ಇನ್ನೊಂದು ಹೆಜ್ಜೆ, ಇನ್ನೊಂದು. ಕೊನೆಯ ಹೆಜ್ಜೆಗೆ ಅಚ್ಚುಕಟ್ಟಾದ ಝೆನ್‌ಕುತ್ಸು-ದಾಚಿಯಲ್ಲಿ ಇಳಿದು, ತೋರುಬೆರಳನ್ನು ಚಾಚಿ, ಟೇಪಣ್ಣನ ಎದೆಯ ನಟ್ಟನಡುವೆ ಮುಟ್ಟಿದರು. ಮುಟ್ಟಿದ್ದಷ್ಟೇ. ಟೇಪಣ್ಣ ಕಾಲು ಬಗ್ಗಿಸಿದ ಹಾಗೇ, ಕೂತ ಭಂಗಿಯಲ್ಲೇ, ಹಿಂದಕ್ಕೆ ಉರುಳಿ ಆಕಾಶ ನೋಡುತ್ತಾ ಮಲಗಿದ.

"ಒಂದೇ ಬೆರಳು!" ಎಂದರು ಔಷಧಿ ಅಂಗಡಿ ಮಾವ, ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಾ.

ಆಮೇಲೆ ಎದ್ದ ಗದ್ದಲ ಹೇಳತೀರದು. ಹದಿನೈದು ನಿಮಿಷ ಕಲ್ಲಿನಂತೆ ನಿಂತ ಮಹಾಗುರುವನ್ನೇ ಒಂದು ಬೆರಳಿನಲ್ಲಿ ಮಲಗಿಸಿದವರು ಇನ್ನೆಂಥವರಿರಬೇಕು! ಬ್ಯಾಂಕ್ ಮ್ಯಾನೇಜರು ಕುರ್ಚಿ ಉರುಳಿಸಿಕೊಂಡು ಓಡಿ ಬಂದು, "ನನ್ನ ಹೆಸರು ಮೊದಲು ಬರ್ಕೊಳ್ರಿ" ಎಂದು ಇನ್ಸ್‌ಪೆಕ್ಟರ ಕೈಹಿಡಿದರು. ಅಂಜುಬುರುಕಿಯ ತಾಯಿ ತನ್ನದೂ ಮಗಳದೂ ಎರಡು ಹೆಸರು ಬರೆಸಿದಳು. ಕಡತದ ಹಿಂದಿನ ಹಾಳೆ ತುಂಬಿತು, ಮುಲಾಮಿನ ಡಬ್ಬದ ರಟ್ಟೂ ತುಂಬಿತು. ಹದಿನೈದು ಜನ ಸಾಕಾಗಿದ್ದ ಹಾಲಿಗೆ ನಲವತ್ತಮೂರು ಜನರಾದರು.

ಟೀಚರ್ ಆ ಕಡೆ ತಿರುಗಿಯೂ ನೋಡಲಿಲ್ಲ. ಟೇಪಣ್ಣನ ಮೇಲೆ ಬಗ್ಗಿ ಕೇಳಿದರು, "ಏಳೋಕಾಗುತ್ತಾ?"

"ಇಲ್ಲ ಟೀಚರ್. ನೀವು ಹೋಗಿ, ಅಲ್ಲಿ ಹೆಸರು ಬರೆಸ್ತಿದ್ದಾರೆ."

"ಬರೆಸ್ಲಿ ಬಿಡಿ," ಎಂದು ಟೀಚರ್ ಅವನ ಪಕ್ಕದಲ್ಲಿ, ಮಣ್ಣಿನ ಮೇಲೆ, ಬಿಳಿ ಬಟ್ಟೆಯಲ್ಲೇ ಕೂತುಬಿಟ್ಟರು.

ಹೊಡೆದಾಟ ನೋಡಲು ಬಂದಿದ್ದ ಬೀದಿಗೆ ಇದನ್ನು ನೋಡಬೇಕೋ ಬೇಡವೋ ತಿಳಿಯಲಿಲ್ಲ. ಗದ್ದಲ ತಾನಾಗಿ ತಗ್ಗಿತು. ಒಬ್ಬರು ಕೆಮ್ಮಿದರು, ಒಬ್ಬರು ಚಪ್ಪಲಿ ಹುಡುಕಿದರು. ಔಷಧಿ ಅಂಗಡಿ ಮಾವ ಮುಲಾಮು ಹಿಡಿದು ಮುಂದೆ ಬಂದರು. ಅಕ್ಕ ಕಲ್ಲಿನಿಂದ ಎದ್ದು ಅಡ್ಡ ನಿಂತಳು.

"ಏನ್ರೀ ನೋಡ್ತಿದ್ದೀರಾ? ನಿಮ್ಮ ಮುಲಾಮೂ ಬೇಡ, ನೀವೂ ಬೇಡ. ಎಲ್ಲಾ ಮನೆಗೆ ನಡೀರಿ!"

ಎಲ್ಲರೂ ನಡೆದರು. ಮೈದಾನದಲ್ಲಿ ಇಬ್ಬರೇ ಉಳಿದರು, ಬಿಟ್ಟರೆ ದೂರದ ಕಲ್ಲಿನ ಮೇಲೆ ಅಕ್ಕ, ಈ ಕಡೆಗೆ ಬೆನ್ನು ಹಾಕಿಕೊಂಡು. ಟೇಪಣ್ಣನ ಕಾಲಿಗೆ ಜೀವ ಬಂದಾಗ ಗಂಟೆ ಆರು. ಅದನ್ನು ಅವನು ಟೀಚರಿಗೆ ಹೇಳಿದ್ದು ಏಳೂವರೆಗೆ.